ಎರಡು ಸ್ಟಾರಿನ ಮನೆ

“ಸೋಮವಾರ ನಮ್ಮಲ್ಲಿಗೆ ಒಬ್ಬರು ಬರ್ತಾರೆ. ವಾರ ಇರ್ತಾರೆ,” ಎಂದು ಪ್ರಶಾಂತ ಗಂಜಿಯ ಬಟ್ಟಲಿನಿಂದ ತಲೆ ಎತ್ತದೆ ಹೇಳಿದ.

ಚಟ್ನಿ ಬಡಿಸುತ್ತಿದ್ದ ಶೀಲಾವತಿಯ ಕೈ ನಿಂತಿತು. “ಯಾರು ಮಗಾ? ಊರಿನವರಾ?”

“ಅಲ್ಲಮ್ಮ, ಆಫೀಸಿನವರು. ವಿಜಯಪುರ ಬ್ರಾಂಚಿನ ಟೆಕ್ನಿಷಿಯನ್. ಇಲ್ಲಿ ಟ್ರೈನಿಂಗ್ ಉಂಟು ಅವನಿಗೆ.”

“ಆಫೀಸಿನವರಿಗೆ ಆಫೀಸು ಲಾಡ್ಜ್ ಮಾಡಿಕೊಡುವುದಿಲ್ವಾ?” ಎಂದು ಕೇಳಿದ್ದು ಅಂಗಾರ. ದಾದರಿನ ಒಂದು ಲಾಡ್ಜಿನಲ್ಲಿ ರೂಮ್ ಬಾಯ್ ಆಗಿ ಸೇರಿ, ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿ ನಿವೃತ್ತರಾದ ಮನುಷ್ಯ. ಕಂಪನಿ ಗಿರಾಕಿಗಳೆಂದರೆ ಏನೆಂದು ಅವರಿಗೆ ಗೊತ್ತು.

“ಮುಂಚೆ ಮಾಡ್ತಿತ್ತು. ಮುಂಬಯಿ ಹೋಟೆಲಿನ ರೇಟು ಈಗ ಎಲ್ಲಿಗೆ ಮುಟ್ಟಿದೆ ಅಂತ ಗೊತ್ತುಂಟಾ ಅಪ್ಪ? ಹಾಗಾಗಿ ಹೊಸ ಸ್ಕೀಮ್ ಮಾಡಿದ್ದಾರೆ. ‘ಅಪ್ನಾ ಪರಿವಾರ್’ ಅಂತ. ಹೊರಗಿನಿಂದ ಬಂದವರು ಇಲ್ಲಿಯ ಸ್ಟಾಫಿನ ಮನೆಯಲ್ಲಿ ಉಳಿಯುವುದು. ಮನೆಯೂಟ, ಮನೆಯವರ ಪ್ರೀತಿ. ನಮಗೆ ಅಪ್ರೈಸಲಿನಲ್ಲಿ ಪಾಯಿಂಟ್ ಸಿಗ್ತದೆ.”

ಪ್ರಶಾಂತನ ಹೆಂಡತಿ ಶ್ರೇಯಾ ಅಡುಗೆಮನೆಯಿಂದ ಹೊರಗೆ ಬಂದಳು. “ನನ್ನನ್ನು ಕೇಳಿದ್ರಾ?”

“ಒಂದು ವಾರಕ್ಕೆ ಎಂತ ಕೇಳುವುದು?”

“ಬೆಳಿಗ್ಗೆ ಏಳಕ್ಕೆ ನಾನು ಲ್ಯಾಬಿಗೆ ಹೋಗಬೇಕು. ಯಕ್ಷಿತಾಗೆ ಹತ್ತನೇ ಕ್ಲಾಸ್. ಇರುವುದು ಒಂದೇ ಬಚ್ಚಲು. ಅವರನ್ನು ಎಲ್ಲಿ ಮಲಗಿಸ್ತೀರಿ?”

“ಬೆಡ್‌ರೂಮಿನಲ್ಲಿ. ಗೆಸ್ಟಿಗೆ ಬಾಗಿಲಿರುವ ರೂಮೇ ಕೊಡಬೇಕು ಅಂತ ರೂಲ್ ಉಂಟು. ನಾವು ಹಾಲಿನಲ್ಲಿ ಅಡ್ಜಸ್ಟ್ ಮಾಡುವ.”

ಘಾಟ್ಕೋಪರಿನ ಆ ಮನೆ ಹಿಂದೆ ಚಾಳ್ ಆಗಿತ್ತು. ಚಾಳ್ ಕೆಡವಿ ಬಿಲ್ಡಿಂಗ್ ಎಬ್ಬಿಸಿದಾಗ ಅಂಗಾರರ ಒಂದೇ ಕೋಣೆಯ ಖೋಲಿಯ ಬದಲಿಗೆ ಸಿಕ್ಕಿದ್ದು ಈ ಎರಡನೇ ಮಾಳಿಗೆಯ ಒಂದು ಹಾಲ್, ಒಂದು ಬೆಡ್‌ರೂಮ್, ಅಡುಗೆಮನೆ. ಹಾಲಿನಲ್ಲಿ ಅಂಗಾರರ ಮಂಚ, ಅದರ ಪಕ್ಕ ಶೀಲಾವತಿಯ ಹಾಸಿಗೆ. ಬೆಡ್‌ರೂಮಿಗೆ ಅಂಟಿದ ಬಾಲ್ಕನಿಗೆ ಗಾಜು ಹಾಕಿಸಿ ಮಗಳು ಯಕ್ಷಿತಾಳಿಗೆ ಒಂದು ಮೇಜು, ಒಂದು ಕಿರುಮಂಚ. ಬೆಡ್‌ರೂಮಿಗೆ ಬೇರೆಯವರು ಬಂದರೆ ಆ ಮೇಜು ಹುಡುಗಿಯ ಕೈಗೆ ಸಿಗುವುದಿಲ್ಲ. ಪ್ರಶಾಂತ ಅದನ್ನು ಯೋಚಿಸಿರಲಿಲ್ಲ. ಯೋಚಿಸಿದ್ದರೂ ಹೇಳಿರಲಿಲ್ಲ.

ಬಂದವನು ಈಶ್ವರ. ಚಪ್ಪಲಿ ಬಾಗಿಲ ಹೊರಗೇ ಬಿಟ್ಟು, ಕೈಯಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ, ಖಡಕ್ ರೊಟ್ಟಿಯ ಕಟ್ಟು ಹಿಡಿದು ನಿಂತ. ಬೆಡ್‌ರೂಮು ತೋರಿಸಿದಾಗ ಒಳಗೆ ಕಾಲಿಡಲಿಲ್ಲ.

“ಬ್ಯಾಡ್ರಿ ಅಕ್ಕಾರ, ನಾ ಇಲ್ಲೇ ಹಾಲಿನ್ಯಾಗ ಬೀಳ್ತೀನಿ. ನಿಮ್ಮ ರೂಮ್ ತಗೊಂಡು ನಾ ಏನ್ ಮಾಡ್ಲಿ?”

“ಹಾಲಿನಲ್ಲಿ ಜಾಗ ಇಲ್ಲ ಈಶ್ವರ,” ಎಂದಳು ಶ್ರೇಯಾ. “ಅಲ್ಲಿ ನಾವು ಮಲಗಬೇಕು.”

ಅವನ ಮುಖ ಸಣ್ಣದಾಯಿತು. ಊಟಕ್ಕೆ ಕೂತಾಗ ಅವನೇ ಮಾತು ತೆಗೆದ. “ಮೊದಲ ಬಂದಾಗ ವಿಕ್ರೋಳಿ ಸ್ಟೇಷನ್ ಹತ್ರ ಲಾಡ್ಜ್ ಕೊಡ್ತಿದ್ರರೀ. ಸಣ್ಣದ, ಆದ್ರ ನಮ್ದ ಅನ್ನೂಹಂಗಿತ್ತು. ಕೆಲಸ ಮುಗಿಸಿ ಬಂದು ಲುಂಗಿ ಸುತ್ತಿ ಬಿದ್ದರ ಯಾರೂ ಕೇಳಾವ್ರಿಲ್ಲ. ಈ ಸಲ ಆಪ್ ತೆಗದ್ರ ಮುಂಬೈ ಅಂತ ಒತ್ತಿದ ಕೂಡ್ಲೆ ಹೋಟೆಲ್ ಬರೂದ ಇಲ್ಲ. ಬರೇ ಮನಿಗಳ ಫೋಟೋ ಬರ್ತಾವ.”

“ನಮ್ಮ ಮನೆಯದ್ದೂ ಫೋಟೋ ಉಂಟಾ?” ಎಂದು ಶೀಲಾವತಿ ಕೇಳಿದರು.

“ಐತ್ರಿ. ನೀವು ತುಳಸಿಗೆ ನೀರು ಹಾಕಾಕತ್ತೀರಿ.”

ಶೀಲಾವತಿ ಮಗನತ್ತ ನೋಡಿದರು. ಪ್ರಶಾಂತ ನೀರು ಕುಡಿಯುತ್ತಿದ್ದ.

ಈಶ್ವರ ಇದ್ದಷ್ಟು ದಿನ ತನ್ನ ತಟ್ಟೆ ತಾನೇ ತೊಳೆದ, ಯಕ್ಷಿತಾ ಬಾಲ್ಕನಿಗೆ ಹೋಗಲೆಂದು ಕತ್ತಲಾಗುವವರೆಗೆ ಕೆಳಗೆ ಬಿಲ್ಡಿಂಗಿನ ಕಟ್ಟೆಯ ಮೇಲೆ ಕೂತ. ಹೋಗುವಾಗ ಶೀಲಾವತಿಯ ಕಾಲಿಗೆ ನಮಸ್ಕರಿಸಿದ. ಆಪಿನಲ್ಲಿ ಪೂರ್ತಿ ಐದು ಸ್ಟಾರ್ ಕೊಟ್ಟ. ಅದೇ ಮುಳುವಾಯಿತು. ಐದು ಸ್ಟಾರಿನ ಮನೆ ಎಂದು ಕಂಪನಿ ಒಬ್ಬರ ಹಿಂದೆ ಒಬ್ಬರನ್ನು ಕಳಿಸತೊಡಗಿತು. ಇಂದೋರಿನ ಇಬ್ಬರು ಹೋದ ದಿನವೇ ಹೈದರಾಬಾದಿನವನು ಬಂದ. ಶ್ರೇಯಾ ಲ್ಯಾಬಿನಿಂದ ಬಂದವಳೇ ಬೆಡ್‌ಶೀಟ್ ನೆನೆಹಾಕುವಳು. ಅಂಗಾರ ಬಚ್ಚಲು ಉಜ್ಜುವರು. ಶೀಲಾವತಿಗೆ ಬೆಳಿಗ್ಗೆ ಎರಡು ಸಲ ತಿಂಡಿ, ಸಂಜೆ ಎರಡು ಸಲ ಅಡುಗೆ, ಏಕೆಂದರೆ ಬಂದವರು ಊಟ ಮಾಡುವ ಹೊತ್ತು ಮನೆಯವರ ಹೊತ್ತಲ್ಲ. ಯಕ್ಷಿತಾ ಅಡುಗೆಮನೆಯ ನೆಲದಲ್ಲಿ ಚಾಪೆ ಹಾಕಿ ಗಣಿತ ಬಿಡಿಸುತ್ತಿದ್ದಳು.

“ಅಜ್ಜಿ, ಕುಕ್ಕರ್ ಬಂದ್ ಕರೋ ನಾ. ಸೀಟಿ ಹೊಡೆದ್ರೆ ನಂಗೆ ಕಾನ್ಸಂಟ್ರೇಟ್ ಆಗಲ್ಲ.”

“ಬೇಳೆ ಬೇಯದೆ ಅವರಿಗೆ ಎಂತ ಹಾಕುವುದು ಮಗಾ?”

“ಅವರು ಕೌನ್ ಹೈ ಯಾರ್? ವೈ ಆರ್ ದೇ ಇನ್ ಮೈ ರೂಮ್?”

ಶೀಲಾವತಿ ಕುಕ್ಕರಿನ ಉರಿ ಸಣ್ಣ ಮಾಡಿದರು.

ನವರಾತ್ರಿ ಕಳೆದ ಮೇಲೆ ಹಿತೇಶ್ ಬಂದ. ಸೂರತಿನ ಬ್ರಾಂಚಿನವನು, ಐವತ್ತರ ಹತ್ತಿರದ, ಪ್ರಶಾಂತನಿಗಿಂತ ದೊಡ್ಡ ಹುದ್ದೆಯ ಮನುಷ್ಯ. ತಿಂಗಳಿಡೀ ಇರುವವನಿದ್ದ. ಅವನು ಬರುವ ಮೊದಲೇ ಪ್ರಶಾಂತ ಮನೆಗೆ ಹೊಸ ಕಾನೂನು ತಂದ.

“ಅವರು ಇರುವಷ್ಟು ದಿನ ಮೀನು ಬೇಡ.”

“ತಿಂಗಳಿಡೀ?” ಎಂದರು ಶೀಲಾವತಿ.

“ಬೇಕಾದ್ರೆ ಹೊರಗೆ ತಿನ್ನುವ. ಮನೆಯಲ್ಲಿ ವಾಸನೆ ಬರಬಾರದು.”

“ಅವರು ಹೇಳಿದ್ರಾ?” ಎಂದು ಶ್ರೇಯಾ ಕೇಳಿದಳು.

“ಹೇಳ್ಬೇಕಾ? ನಮಗೆ ಗೊತ್ತಾಗುವುದಿಲ್ವಾ?”

ಬಂಗುಡೆ ಮೀನಿಲ್ಲದ ಬುಧವಾರ ಆ ಮನೆಯಲ್ಲಿ ಇರಲಿಲ್ಲ. ಅಂಗಾರ ಮೊದಲ ವಾರ ಬಡಿಸಿದ್ದನ್ನು ತಿಂದರು. ಎರಡನೇ ವಾರ ಸೌತೆಕಾಯಿ ಹುಳಿಯ ಮೇಲೆ ಕೈಯಾಡಿಸಿ ಎದ್ದರು. “ನನ್ನ ಮನೆಯಲ್ಲಿ ನಾನು ಎಂತ ತಿನ್ನಬೇಕು ಅಂತ ನಿನ್ನ ಕಂಪನಿ ಹೇಳ್ತದೆ. ಒಳ್ಳೆ ನೌಕರಿ ಮಾರಾಯ ನಿನ್ನದು.”

ಹಿತೇಶನೂ ಸುಖದಲ್ಲಿರಲಿಲ್ಲ. ದಿನವಿಡೀ ಯಂತ್ರಗಳ ನಡುವೆ ನಿಂತು ಬಂದವನಿಗೆ ಕಾಲು ಚಾಚಿ ಟೀವಿ ನೋಡುವ ಆಸೆ. ಟೀವಿ ಹಾಲಿನಲ್ಲಿತ್ತು, ಹಾಲಿನಲ್ಲಿ ಅಂಗಾರರಿದ್ದರು. ಬಚ್ಚಲಿಗೆ ಹೋಗಬೇಕಾದರೆ ಹಾಲಿನಲ್ಲಿ ಮಲಗಿದವರನ್ನು ದಾಟಬೇಕಿತ್ತು. ಹೆಂಡತಿಗೆ ಫೋನು ಮಾಡಿದರೆ ಗೋಡೆಯಾಚೆ ಎಲ್ಲರಿಗೂ ಕೇಳುತ್ತಿತ್ತು. ಒಂದು ಬೆಳಿಗ್ಗೆ ಚಹಾ ಕೊಟ್ಟ ಶ್ರೇಯಾಳಿಗೆ ಅವನು ಹಿಂದಿಯಲ್ಲಿ ಹೇಳಿದ: “ಬೆಹೆನ್‌ಜಿ, ನನಗೂ ಹೋಟೆಲೇ ಬೇಕಾಗಿತ್ತು. ಕೇಳಿದೆ. ಕೊಡಲಿಲ್ಲ.”

“ಮತ್ತೆ ಕೇಳಿ,” ಎಂದಳು ಶ್ರೇಯಾ. “ನಿಮಗೂ ಒಳ್ಳೆಯದು, ನಮಗೂ ಒಳ್ಳೆಯದು.”

ಅವನು ಕೇಳಲಿಲ್ಲ. ಹೋದ ಮೇಲೆ ಆಪಿನಲ್ಲಿ ಬರೆದ. ಅದನ್ನು ಮೊದಲು ನೋಡಿದ್ದು ಯಕ್ಷಿತಾ. ಅಪ್ಪನ ಫೋನಿನಲ್ಲಿ ಏನೋ ಹುಡುಕುತ್ತಿದ್ದವಳು ಹಾಲಿನ ನಡುವೆ ನಿಂತು ಜೋರಾಗಿ ಓದತೊಡಗಿದಳು.

“ಟೂ ಸ್ಟಾರ್ಸ್. ಬಾತ್‌ರೂಮ್ ಸಣ್ಣದು. ವಯಸ್ಸಾದ ಗಂಡಸು ಬೆಳಗಿನ ಜಾವ ತುಂಬಾ ಕೆಮ್ಮುತ್ತಾನೆ. ಗೋಡೆಗಳಿಗೆ ಮೀನಿನ ವಾಸನೆ ಇದೆ. ಹುಡುಗಿ ಮುಖ ಗಂಟಿಕ್ಕಿಕೊಂಡು ತಿರುಗುತ್ತಾಳೆ. ಮನೆಯಾಕೆ…”

“ಸಾಕು,” ಎಂದ ಪ್ರಶಾಂತ ಫೋನು ಕಸಿದುಕೊಂಡ.

“ಮನೆಯಾಕೆ ಎಂತ?” ಎಂದು ಶ್ರೇಯಾ ಕೇಳಿದಳು.

ಅವಳು ಕೈ ಚಾಚಿ ನಿಂತಳು. ಪ್ರಶಾಂತ ಕೊನೆಗೆ ಫೋನು ಕೊಟ್ಟ. ‘ಮನೆಯಾಕೆ ಊಟ ಕೊಡುತ್ತಾರೆ, ಆದರೆ ನಗುವುದಿಲ್ಲ.’

“ನಗಬೇಕಾ?” ಶ್ರೇಯಾ ಫೋನನ್ನು ಹಿಂದಕ್ಕೆ ಚಾಚಿದಳು. “ಅವನ ಚಡ್ಡಿ ಒಗೆದು ಹಾಕಿದ್ದೇನೆ. ಅವನ ಪ್ಲೇಟಿನ ಎಂಜಲು ತೆಗೆದಿದ್ದೇನೆ. ಜತೆಗೆ ನಗಲೂಬೇಕಾ?”

ಅಂಗಾರ ಮಂಚದ ಮೇಲೆ ಕೂತಿದ್ದರು. “ಲಾಡ್ಜಿನಲ್ಲಿ ನನಗೆ ಬೈದವರು ಇದ್ದರು, ಲೋಟ ಎಸೆದವರೂ ಇದ್ದರು. ಅದಕ್ಕೆ ಪಗಾರ ಸಿಗ್ತಿತ್ತು. ಡ್ಯೂಟಿ ಮುಗಿದರೆ ನಾನು ಮನೆಗೆ ಬರ್ತಿದ್ದೆ. ಈಗ ಡ್ಯೂಟಿ ಮುಗಿದು ಎಲ್ಲಿಗೆ ಹೋಗುವುದು ಪ್ರಶಾಂತ?”

“ನಾನು ಇದನ್ನೆಲ್ಲ ಮಾಡುವುದು ಯಾರಿಗಾಗಿ? ಮ್ಯಾನೇಜರ್ ಪೋಸ್ಟು ಖಾಲಿ ಉಂಟು. ಲಿಸ್ಟಿನಲ್ಲಿ ನನ್ನ ಹೆಸರು ಉಂಟು.”

“ನಮಗಾಗಿ ಅಂತ ಹೇಳ್ಬೇಡಿ,” ಎಂದಳು ಶ್ರೇಯಾ. “ನಾವು ಕೇಳಿಲ್ಲ.”

ಎರಡು ಸ್ಟಾರ್ ಬಿದ್ದದ್ದಕ್ಕೆ ಕಂಪನಿಯ ಟ್ರಾವೆಲ್ ವಿಭಾಗದ ಮುಖ್ಯಸ್ಥೆ ವಿನೋದಿನಿಯಿಂದ ಪ್ರಶಾಂತನಿಗೆ ಕರೆ ಬಂತು. ಒಂದು ಕಡಿಮೆ ರೇಟಿಂಗ್ ಅಡ್ಡಿಯಿಲ್ಲ, ಎರಡನೆಯದು ಬರಬಾರದು. ಆಡಿಟ್ ಶುರುವಾಗುತ್ತದೆ, ದೆಹಲಿಯಿಂದ ಬರುವ ಇಬ್ಬರು ಹಿರಿಯರು ನಿಮ್ಮಲ್ಲೇ ಇಳಿದುಕೊಳ್ಳುತ್ತಾರೆ, ಮನೆಯಲ್ಲಿ ಜನ ಸ್ವಲ್ಪ ಕಡಿಮೆ ಇದ್ದರೆ ಚೆನ್ನ ಎಂದು ಆಕೆ ಹೇಳಿದಳಂತೆ. ಪ್ರಶಾಂತ ಆ ಮಾತನ್ನು ಎರಡು ದಿನ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ. ಶ್ರೇಯಾ ಲ್ಯಾಬಿಗೆ ಹೋದ ಹೊತ್ತು ನೋಡಿ ಅಮ್ಮನ ಬಳಿ ಕೂತ.

“ಅಮ್ಮ, ನೀವಿಬ್ಬರು ಒಂದು ಹದಿನೈದು ದಿನ ಡೊಂಬಿವಿಲಿಗೆ ಅಕ್ಕನ ಮನೆಗೆ ಹೋಗಿ ಬರ್ತೀರಾ? ಅಕ್ಕನೂ ಕರೀತಿದ್ಳಲ್ಲ.”

ಶೀಲಾವತಿ ಬೀನ್ಸಿನ ನಾರು ತೆಗೆಯುತ್ತಿದ್ದರು. “ಅಕ್ಕ ಕರೆದದ್ದು ಹೋದ ವರ್ಷ ದೀಪಾವಳಿಗೆ.”

“ಹಾಗಲ್ಲ. ಅಪ್ಪನ ಕೆಮ್ಮು…”

“ಅಪ್ಪನ ಕೆಮ್ಮು ನೀನು ಹುಟ್ಟುವ ಮೊದಲಿನಿಂದ ಉಂಟು ಮಗಾ. ಲಾಡ್ಜಿನ ಬ್ಲೀಚಿಂಗ್ ಪೌಡರಿನದ್ದು. ಆ ಪೌಡರಿನಲ್ಲೇ ನಿನ್ನ ಕಾಲೇಜು ಫೀಸು ಹೋದದ್ದು.”

ಆದರೂ ಅವರು ಎದ್ದು ಸೀರೆ ಮಡಚಿ ಚೀಲಕ್ಕೆ ಹಾಕಿದರು. ಅಂಗಾರ ಚಪ್ಪಲಿ ಮೆಟ್ಟಿಕೊಂಡರು. ಮಗ ಆಟೋ ತರುತ್ತೇನೆಂದಾಗ ಬೇಡವೆಂದರು. ಇಬ್ಬರೂ ಚೀಲದ ಒಂದೊಂದು ಕಿವಿ ಹಿಡಿದುಕೊಂಡು ಸ್ಟೇಷನ್ನಿಗೆ ನಡೆದೇ ಹೋದರು.

ಮಧ್ಯಾಹ್ನ ಶ್ರೇಯಾ ಮನೆಗೆ ಬಂದಾಗ ಹಾಲಿನಲ್ಲಿ ಮಂಚವೇ ಇರಲಿಲ್ಲ. ಪ್ರಶಾಂತ ಅದನ್ನು ಟೆರೇಸಿಗೆ ಸಾಗಿಸಿದ್ದ. ಅದಿದ್ದ ಜಾಗದಲ್ಲಿ ಪ್ಲಾಸ್ಟಿಕ್ ಹೂವಿನ ಒಂದು ಕುಂಡ ಇಟ್ಟಿದ್ದ.

“ಮಾವ ಎಲ್ಲಿ?”

ಪ್ರಶಾಂತ ಹೇಳಿದ. ಶ್ರೇಯಾ ಚೀಲವನ್ನೂ ಕೆಳಗಿಡದೆ ಕೇಳಿಸಿಕೊಂಡಳು.

“ಈ ಮನೆ ಯಾರ ಹೆಸರಲ್ಲಿ ಉಂಟು?”

“ಅಪ್ಪನ ಹೆಸರಲ್ಲಿ. ಅದು ಈಗ ಯಾಕೆ?”

ಅವಳು ಹೂವಿನ ಕುಂಡವನ್ನು ಎತ್ತಿ ಬಾಗಿಲ ಹೊರಗಿಟ್ಟಳು.

ಮರುದಿನ ಲ್ಯಾಬಿಗೆ ರಜೆ ಹಾಕಿ ಡೊಂಬಿವಿಲಿಗೆ ಹೋದಳು. ಗಂಡನ ಅಕ್ಕನ ಮನೆಯಲ್ಲೂ ಜಾಗ ಇಷ್ಟೇ. ಅಂಗಾರ ಮೆಟ್ಟಿಲ ಮೇಲೆ ಕೂತು ಪೇಪರ್ ಓದುತ್ತಿದ್ದರು. ಶ್ರೇಯಾ ಒಂದು ಹಾಳೆಯಲ್ಲಿ ಹಿಂದಿಯಲ್ಲಿ ನಾಲ್ಕು ಸಾಲು ಬರೆದು ಅರ್ಥ ಹೇಳಿದಳು: ಈ ಮನೆ ನನ್ನದು, ಇಲ್ಲಿ ಯಾವ ಕಂಪನಿಯ ಅತಿಥಿಯನ್ನೂ ಇರಿಸಲು ನಾನು ಒಪ್ಪಿಗೆ ಕೊಟ್ಟಿಲ್ಲ, ಕೊಡುವುದೂ ಇಲ್ಲ.

“ಪ್ರಶಾಂತನಿಗೆ ತೊಂದರೆ ಆದೀತು,” ಎಂದರು ಶೀಲಾವತಿ.

“ನಿಮಗೆ ಆದದ್ದು ತೊಂದರೆ ಅಲ್ವಾ ಅತ್ತೆ?”

ಅಂಗಾರ ಪೆನ್ನಿಗೆ ಕೈ ಚಾಚಿದರು. “ಕೊಡು ಇತ್ತ.”

ಶ್ರೇಯಾ ಅಲ್ಲಿಂದ ನೇರ ವಿಕ್ರೋಳಿಯಲ್ಲಿ ಇಳಿದಳು. ಕಂಪನಿಯ ಆಫೀಸು ಗಾಜಿನ ಕಟ್ಟಡದ ಐದನೇ ಮಹಡಿ. ವಿನೋದಿನಿ ಸೌಜನ್ಯದಿಂದಲೇ ಕೂರಿಸಿದಳು, ಕಾಫಿ ತರಿಸಿದಳು. ಮಾತು ಹಿಂದಿಯಲ್ಲಿ ನಡೆಯಿತು.

“ಇದು ಕಡ್ಡಾಯ ಅಲ್ಲ ಮೇಡಮ್. ನಿಮ್ಮ ಯಜಮಾನರೇ ಇಷ್ಟಪಟ್ಟು ಹೆಸರು ಕೊಟ್ಟಿದ್ದು.”

“ಹೆಸರು ಕೊಡದವರಿಗೆ ಪಾಯಿಂಟ್ ಸಿಗ್ತದಾ?”

“ಅದು ಬೇರೆ ವಿಷಯ.”

“ಬೇರೆ ಅಲ್ಲ. ಹೆಸರು ಕೊಟ್ಟದ್ದು ಅವರು, ಅಡುಗೆ ಮಾಡಿದ್ದು ನನ್ನ ಅತ್ತೆ. ಬಚ್ಚಲು ಉಜ್ಜಿದ್ದು ನನ್ನ ಮಾವ. ಅವರನ್ನು ಯಾರಾದರೂ ಕೇಳಿದಿರಾ?”

ವಿನೋದಿನಿ ಲ್ಯಾಪ್‌ಟಾಪ್ ತಿರುಗಿಸಿ ಒಂದು ಗ್ರಾಫ್ ತೋರಿಸಿದಳು. ಬಣ್ಣದ ಒಂದು ಗೆರೆ ಕೆಳಗಿಳಿದಿತ್ತು. “ನೋಡಿ, ಇದು ನಮ್ಮ ವಸತಿ ಖರ್ಚು. ಈ ವರ್ಷ ಅರ್ಧ ಉಳಿದಿದೆ. ಕಷ್ಟದ ಕಾಲ ಇದು. ಖರ್ಚು ಇಳಿಯದಿದ್ದರೆ ಜನರನ್ನೇ ತೆಗೆಯಬೇಕಾಗುತ್ತಿತ್ತು. ನಿಮ್ಮಂಥ ಕುಟುಂಬಗಳಿಂದ ಆ ನೌಕರಿಗಳು ಉಳಿದಿವೆ.”

“ಉಳಿದದ್ದಲ್ಲ ಮೇಡಮ್. ಹೋಟೆಲಿನವರಿಗೆ ಕೊಡುತ್ತಿದ್ದಿರಿ, ನಮಗೆ ಕೊಡಲಿಲ್ಲ. ಅಷ್ಟೇ. ನೀವೆಷ್ಟು ಜನರನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದೀರಿ?”

ವಿನೋದಿನಿಯ ನಗು ಮುಖದಲ್ಲೇ ಉಳಿಯಿತು. “ನಮ್ಮ ಮನೆ… ನಮ್ಮಲ್ಲಿ ಅನುಕೂಲ ಇಲ್ಲ.”

“ಎಷ್ಟು ರೂಮು?”

ವಿನೋದಿನಿ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. ಶ್ರೇಯಾ ಮಾವನ ಹಾಳೆಯನ್ನು ಮೇಜಿನ ಮೇಲಿಟ್ಟಳು. ವಿನೋದಿನಿ ಅದನ್ನು ಓದಿ, ಎರಡು ಗುಂಡಿ ಒತ್ತಿ, “ಆಯಿತು, ನಿಮ್ಮ ಮನೆಯನ್ನು ಪಟ್ಟಿಯಿಂದ ತೆಗೆದಿದ್ದೇನೆ” ಎಂದಳು. ಇಷ್ಟು ತಿಂಗಳ ಗೋಳು ಹೋಗುವುದಕ್ಕೆ ಎರಡು ಗುಂಡಿ ಸಾಕಾಗಿತ್ತು. ಶ್ರೇಯಾಳಿಗೆ ಸಮಾಧಾನದ ಬದಲು ಸಿಟ್ಟೇ ಹೆಚ್ಚಾಯಿತು. ಕಾಫಿ ಮುಟ್ಟದೆ ಎದ್ದು ಬಂದಳು.

ಸಂಜೆ ಪ್ರಶಾಂತ ಬಾಗಿಲು ದೂಡಿಕೊಂಡೇ ಒಳಗೆ ಬಂದ. “ನನ್ನ ಆಫೀಸಿಗೆ ಹೋಗ್ತೀಯಾ? ಇಡೀ ಫ್ಲೋರ್ ನನ್ನನ್ನೇ ನೋಡ್ತಿತ್ತು!”

“ನಿಮ್ಮ ಆಫೀಸು ನಮ್ಮ ಮನೆಗೆ ಬರಬಹುದು, ನಾನು ಅಲ್ಲಿಗೆ ಹೋಗಬಾರದಾ?”

“ಪ್ರಮೋಷನ್ ಹೋಯ್ತು. ತಿಳೀತಾ? ಹೋಯ್ತು!”

“ಪಪ್ಪಾ,” ಎಂದಳು ಯಕ್ಷಿತಾ. ಅವಳು ತನ್ನ ಮೇಜಿನ ಬಳಿ ಪುಸ್ತಕ ಜೋಡಿಸುತ್ತಿದ್ದಳು. “ಅಜ್ಜ-ಅಜ್ಜಿ ಕಬ್ ಆಯೇಂಗೆ? ಅದು ಹೇಳು ಫಸ್ಟ್.”

ಪ್ರಶಾಂತ ಟೆರೇಸಿಗೆ ಹೋಗಿ ಮಂಚ ಇಳಿಸಿದ. ಮಳೆಗಾಲ ಮುಗಿದಿದ್ದರೂ ಅದರ ಒಂದು ಕಾಲು ಟ್ಯಾಂಕಿಯಿಂದ ಸೋರಿದ ನೀರು ಕುಡಿದು ಉಬ್ಬಿತ್ತು. ಭಾನುವಾರ ಅವನೇ ಡೊಂಬಿವಿಲಿಗೆ ಹೋಗಿ ಇಬ್ಬರನ್ನೂ ಕರೆತಂದ. ಲೋಕಲಿನಲ್ಲಿ ಅಪ್ಪ ಕಿಟಕಿಯ ಕಡೆ, ಮಗ ಬಾಗಿಲ ಕಡೆ.

ಮ್ಯಾನೇಜರ್ ಹುದ್ದೆ ಪ್ರಶಾಂತನ ಜೊತೆಗೇ ಕೆಲಸ ಮಾಡುವ ಮುಲುಂಡಿನ ರಮಾನಾಥನಿಗೆ ಹೋಯಿತು. ಅವನ ಮನೆಯೂ ಆಪಿನಲ್ಲಿತ್ತು. ಪ್ರಶಾಂತನ ಹೆಸರನ್ನು ಟೂರ್ ಪಟ್ಟಿಗೆ ಸೇರಿಸಿದರು. ಡಿಸೆಂಬರಿನಲ್ಲಿ ಅವನು ನಾಶಿಕಕ್ಕೆ ಹೊರಟಾಗ ಆಪ್ ತೆರೆದು ನೋಡಿದ. ಹೋಟೆಲ್ ಇರಲಿಲ್ಲ. ಒಂದು ಮನೆಯ ಫೋಟೋ ಇತ್ತು.

ಅಲ್ಲಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ನಾಶಿಕ ಬ್ರಾಂಚಿನ ಸಹೋದ್ಯೋಗಿ ಬಾಗಿಲು ತೆರೆದ. “ಬಸಾ, ಬಸಾ. ತುಮ್ಚೀ ಖೋಲಿ ತಯಾರ್ ಆಹೆ,” ಕೂರಿ, ನಿಮ್ಮ ಕೋಣೆ ತಯಾರಿದೆ ಎಂದು ಮರಾಠಿಯಲ್ಲಿ ಉಪಚರಿಸಿದ. ಒಳಗಿನ ಖೋಲಿಯಿಂದ ಒಬ್ಬ ಮುದುಕಿ ಗೋಡೆ ಹಿಡಿದುಕೊಂಡು ಹೊರಬರುತ್ತಿದ್ದಳು. ಕಂಕುಳಲ್ಲಿ ದಿಂಬು, ಕೈಯಲ್ಲಿ ಔಷಧದ ಡಬ್ಬಿ. ಸೊಸೆ ಅವಳ ತೋಳು ಹಿಡಿದು ಅಡುಗೆಮನೆಯ ಕಡೆ ಕರೆದೊಯ್ದಳು. ಪ್ರಶಾಂತನನ್ನು ಕಂಡು ಮುದುಕಿ ನಿಂತಳು, ನಮಸ್ಕಾರ ಮಾಡಲು ನೋಡಿದಳು. ಕೈಗಳು ಖಾಲಿ ಇರಲಿಲ್ಲ.

ಪ್ರಶಾಂತ ಬ್ಯಾಗು ಕೆಳಗಿಡಲಿಲ್ಲ. “ಇವರು ಎಲ್ಲಿ ಮಲಗ್ತಾರೆ?”

“ಆಯಿಗೆ ಅಡುಗೆಮನೆ ಅಭ್ಯಾಸ ಆಗಿದೆ ಸಾಹೇಬ್. ನೀವು ಚಿಂತೆ ಮಾಡಬೇಡಿ.”

“ಅವರನ್ನು ವಾಪಸ್ ಮಲಗಿಸಿ. ನಾನು ಹೊರಗೆ ಉಳೀತೇನೆ.”

ಸಹೋದ್ಯೋಗಿಯ ಮುಖ ಬಿಳುಚಿತು. ಮೆಟ್ಟಿಲಿಳಿದು ಬೀದಿಯವರೆಗೂ ಹಿಂದೆ ಬಂದ. “ಸಾಹೇಬ್, ಏನು ತಪ್ಪಾಯಿತು? ಪಾಯಿಖಾನೆ ಈಗಷ್ಟೇ ತೊಳೆಸಿದ್ದೇನೆ. ರೇಟಿಂಗ್ ಮಾತ್ರ ಕಡಿಮೆ ಕೊಡಬೇಡಿ, ನನಗೆ ಎರಡು ಮಕ್ಕಳು.”

ಪ್ರಶಾಂತನಿಗೆ ಅವನ ಕಣ್ಣು ನೋಡಲಾಗಲಿಲ್ಲ. ಬಸ್‌ ಸ್ಟ್ಯಾಂಡಿನ ಎದುರಿನ ಲಾಡ್ಜೊಂದರಲ್ಲಿ ಕೀಲಿ ತೆಗೆದುಕೊಂಡು ಮನೆಗೆ ಫೋನು ಮಾಡಿದ. ಎತ್ತಿದ್ದು ಅಂಗಾರ. ಮಗ ಎಲ್ಲವನ್ನೂ ಹೇಳಿದ.

ಅಂಗಾರ, “ಬಿಲ್ ಯಾರ ಹೆಸರಿಗೆ ಬರೆಸಿದೆ?” ಎಂದು ಕೇಳಿದರು.

“ಇನ್ನೂ ಇಲ್ಲ. ನಾನೇ ಕೊಡುವ ಅಂತ…”

“ನಿನ್ನ ಕೆಲಸಕ್ಕಾ ಹೋದದ್ದು? ಅವರ ಕೆಲಸಕ್ಕೆ. ಕಂಪನಿ ಹೆಸರಿಗೆ ಬರೆಸು.”

ಬಿಲ್ಲು ವಾಪಸ್ ಬಂತು. ‘ಲಭ್ಯವಿದ್ದ ವಸತಿಯನ್ನು ನಿರಾಕರಿಸಲಾಗಿದೆ’ ಎಂಬ ಷರಾ ಸಮೇತ. ಪ್ರಶಾಂತ ಪುನಃ ಸಲ್ಲಿಸಿದ. ಪುನಃ ವಾಪಸ್ ಬಂತು. ಈ ಸಲ ಅವನು ಮುದುಕಿ ದಿಂಬು ಹಿಡಿದು ನಿಂತದ್ದನ್ನು ಇದ್ದದ್ದು ಇದ್ದ ಹಾಗೆ ಬರೆದು, ವಿನೋದಿನಿಗೆ ಮಾತ್ರವಲ್ಲ, ಮುಂಬಯಿ ಆಫೀಸಿನ ಎಲ್ಲರಿಗೂ ಕಳಿಸಿದ. ಅವನಿಗೆ ಎಚ್ಚರಿಕೆಯ ಪತ್ರ ಬಂತು. ದುಡ್ಡು ಬರಲಿಲ್ಲ.

“ನೌಕರಿಗೆ ಕುತ್ತು ತರ್ತದೆ ಇದು,” ಎಂದರು ಶೀಲಾವತಿ ಊಟಕ್ಕೆ ಬಡಿಸುತ್ತ.

“ತರಬಹುದು ಅಮ್ಮ.”

“ಮತ್ತೆ?”

“ನಾಳೆ ಬಿಲ್ಲು ಪುನಃ ಕೊಡ್ತೇನೆ.”

ಅಷ್ಟರಲ್ಲಿ ಶ್ರೇಯಾಳ ಫೋನು ಹೊಡೆದುಕೊಂಡಿತು. ಗುರುತಿಲ್ಲದ ನಂಬರು. ಆಚೆಗೊಂದು ಹೆಂಗಸಿನ ದನಿ, ಅಳು ತಡೆದುಕೊಂಡು ಮರಾಠಿ ಬೆರೆತ ಕನ್ನಡದಲ್ಲಿ ಮಾತಾಡುತ್ತಿತ್ತು. ಮುಲುಂಡಿನ ರಮಾನಾಥನ ಹೆಂಡತಿ, ಗಂಡನ ಫೋನಿನಲ್ಲಿ ಪ್ರಶಾಂತನ ಪತ್ರ ಓದಿ ನಂಬರು ಹುಡುಕಿ ತೆಗೆದಿದ್ದಳಂತೆ. ಹೆರಿಗೆಯಾಗಿ ತಿಂಗಳಾಗಿಲ್ಲ, ಅವಳೂ ಮಗುವೂ ಹಾಲಿನಲ್ಲಿದ್ದಾರೆ. ನಾಳೆ ಮತ್ತೆ ಮೂವರು ಬರುತ್ತಾರೆ. ಗಂಡ ಮಾತೇ ಕೇಳುವುದಿಲ್ಲ.

ಶ್ರೇಯಾ ತಟ್ಟೆ ಸರಿಸಿ ಎದ್ದಳು.

“ಅವರು ಎಷ್ಟು ಗಂಟೆಗೆ ಬರ್ತಾರೆ?” ಎಂದು ಕೇಳಿದಳು. ಕೇಳಿಸಿಕೊಂಡಳು. “ಆಯ್ತು. ಅವರಿಗಿಂತ ಮೊದಲು ನಾನು ಬರ್ತೇನೆ. ನಾನು ಬರುವವರೆಗೆ ಬಾಗಿಲು ತೆರೀಬೇಡಿ.”